ಹದಿನಾಲ್ಕನೆಯ ಪುಟ

ಪೆಟ್ಟಿಗೆಯನ್ನು ಹೊತ್ತು ತಂದವಳು ಗ್ಲೆನಿಸ್ಸೇ.

ಟಪಾಲಿನ ವಿಮಾನ ಇಳಿಯುವ ಬಯಲಿನಿಂದ ಶಾಲೆಗೆ ಅರ್ಧ ಗಂಟೆಯ ನಡಿಗೆ. ಶಾಲೆಗೊಂದು ಗಾಡಿ ಇತ್ತು. ಅದರ ಕೀಲಿ ಈ ವರ್ಷದ ಟೀಚರು ಮಿಸ್ ಹೇಲಿಯ ಹತ್ತಿರ ಇತ್ತು. ಮಿಸ್ ಹೇಲಿ ಫೋನಿನಲ್ಲಿದ್ದಳು. ನೀನೇ ಹೋಗಿ ತಂದುಬಿಡು ಎಂದು ಕೈಸನ್ನೆ ಮಾಡಿದಳು. ಗ್ಲೆನಿಸ್ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಕೆಂಪು ಮಣ್ಣಿನಲ್ಲಿ ನಡೆದಳು. ನೊಣಗಳು ಕಣ್ಣಿನ ಮೂಲೆಗೆ ಬಂದು ಕೂತವು. ಓಡಿಸಲು ಕೈ ಬಿಡುವಿರಲಿಲ್ಲ. ಒಳಗೆ ಏನಿದೆಯೆಂದು ಅವಳಿಗೆ ಗೊತ್ತಿದ್ದರೆ ಅಲ್ಲೇ ಮುಳ್ಳುಹುಲ್ಲಿನ ನಡುವೆ ಎಸೆದು ಬರುತ್ತಿದ್ದಳು. ಗೊತ್ತಿರಲಿಲ್ಲ. ಜೋಪಾನವಾಗಿ ತಂದಳು.

ಶಾಲೆಯಲ್ಲಿ ಅವಳು ಸಹಾಯಕಿ. ಹತ್ತೊಂಬತ್ತು ವರ್ಷದಿಂದ ಸಹಾಯಕಿ. ಮೂಗು ಒರೆಸುವುದು, ಕಿವಿ ಸೋರುವ ಮಕ್ಕಳಿಗೆ ಹತ್ತಿಯ ಬತ್ತಿ ಇಡುವುದು, ಟೀಚರ ಮಾತನ್ನು ಮಕ್ಕಳಿಗೂ ಮಕ್ಕಳ ಮಾತನ್ನು ಟೀಚರಿಗೂ ತಿಳಿಸುವುದು. ಈ ಹತ್ತೊಂಬತ್ತು ವರ್ಷದಲ್ಲಿ ಹದಿನಾರು ಟೀಚರುಗಳು ಬಂದು ಹೋಗಿದ್ದರು. ಎಲ್ಲರೂ ಬಿಳಿಯರು. ಎಲ್ಲರೂ ಎಳೆಯರು. ಯಾವ ಮಗು ಯಾವ ಮಗುವಿನ ಪಕ್ಕ ಕೂರಬಾರದು, ಯಾರ ಮನೆಯಲ್ಲಿ ಸೂತಕ, ಯಾವುದು ಹಾವು, ಯಾವುದು ಕಡ್ಡಿ ಎಂದು ಅವರಿಗೆ ಕಲಿಸಿದವಳು ಗ್ಲೆನಿಸ್. ಆದರೆ ತರಗತಿಯ ರಿಜಿಸ್ಟರಿನಲ್ಲಿ 'ಕಲಿಸಿದವರು' ಎಂಬ ಕಲಂನೊಳಗೆ ಅವಳ ಹೆಸರು ಒಂದು ದಿನಕ್ಕೂ ಬಂದಿರಲಿಲ್ಲ.

ಅದು ಬರಲಿ ಎಂದೇ ಅವಳು ನಾಲ್ಕು ವರ್ಷ ಸಂಜೆ ಕ್ಲಾಸಿಗೆ ಹೋದಳು. ಕೌನ್ಸಿಲ್ ಕಚೇರಿಯ ಹಿಂದಿನ ಕೋಣೆ, ಒಂದು ಟ್ಯೂಬ್‌ಲೈಟು, ಅದಕ್ಕೆ ಮುತ್ತುವ ಹುಳು. ದಿನವಿಡೀ ಬಗ್ಗಿ ದುಡಿದ ಸೊಂಟವನ್ನು ಪ್ಲಾಸ್ಟಿಕ್ ಕುರ್ಚಿಗೆ ಒರಗಿಸಿ, ತನ್ನದಲ್ಲದ ಭಾಷೆಯಲ್ಲಿ ಪ್ರಬಂಧ ಬರೆದಳು. ಒಂದೊಂದು ವಾಕ್ಯವನ್ನೂ ಮೂರು ಸಲ ತಿದ್ದಿದಳು. ಕ್ಲಾಸು ಸೇರಿದ ಒಂಬತ್ತು ಮಂದಿಯಲ್ಲಿ ಕೊನೆಗೆ ಉಳಿದವಳು ಅವಳೊಬ್ಬಳೇ. ಉಳಿದಿದ್ದು ಒಂದೇ ಒಂದು ಪರೀಕ್ಷೆ. ಸಂಜೆ ಕ್ಲಾಸಿನ ಮೇಷ್ಟ್ರು ಮಿಸ್ಟರ್ ಪ್ರೆಂಟಿಸ್ ಗುರುವಾರ ಬಂದು ಅವಳು ಮಾಡುವ ಒಂದು ಪಾಠವನ್ನು ನೋಡಬೇಕು. ನೋಡಿ ಫಾರಂಗೆ ಸಹಿ ಹಾಕಬೇಕು. ಹಾಕಿದರೆ ಅವಳು ಟೀಚರು.

ಆ ಪಾಠಕ್ಕಾಗಿಯೇ ಪೆಟ್ಟಿಗೆ ಬಂದಿತ್ತು. ಅದರಲ್ಲಿ ಬಣ್ಣದ ಸೀಸೆಗಳಿದ್ದವು, ಚುಕ್ಕಿ ಇಡಲು ಹತ್ತಿ ಸುತ್ತಿದ ಕಡ್ಡಿಗಳಿದ್ದವು, ಹೊಸ ವಾಸನೆಯ ಇಪ್ಪತ್ತೆರಡು ಪುಸ್ತಕಗಳಿದ್ದವು. 'ಚುಕ್ಕಿ ಚುಕ್ಕಿ ಚಿತ್ತಾರ: ಎಳೆಯರಿಗೆ ಮೂಲನಿವಾಸಿ ಕಲೆಯ ಪರಿಚಯ.' ಜೊತೆಗೆ ಒಂದು ಚೀಟಿ: 'ಗ್ಲೆನಿಸ್, ಪಾಠಕ್ಕೆ ಪುಟ ಹದಿನಾಲ್ಕು, ಹದಿನೈದು. ನಿನಗೆ ಖುಷಿಯಾಗುತ್ತದೆ. ಪ್ರೆಂಟಿಸ್.'

ಅವಳು ಹದಿನಾಲ್ಕನೆಯ ಪುಟ ತೆರೆದಳು. ತೆರೆದವಳೇ ಮುಚ್ಚಿದಳು.

ಸೋದರತ್ತೆ ಅಲ್ಲಿ ಕೂತಿದ್ದಳು. ಅಪ್ಪನ ಅಕ್ಕ. ನೆಲದ ಮೇಲೆ ಕಾಲು ಮಡಚಿ, ತೊಡೆಯ ಮೇಲೆ ಬಣ್ಣದ ಡಬ್ಬಿ ಇಟ್ಟುಕೊಂಡು, ಕ್ಯಾಮೆರಾ ಕಡೆ ನೋಡದೆ. ಕೆಳಗೆ ಅವಳ ಹೆಸರು, ದಪ್ಪ ಅಕ್ಷರದಲ್ಲಿ.

ಅತ್ತೆ ತೀರಿಕೊಂಡದ್ದು ಕಳೆದ ಚಳಿಗಾಲ. ತೀರಿಕೊಂಡವರ ಹೆಸರನ್ನು ಈ ಊರಿನಲ್ಲಿ ಬಾಯಿಗೆ ತರುವುದಿಲ್ಲ. ಹೆಸರು ಹೇಳಿದರೆ ಕರೆದಂತೆ. ಕರೆದರೆ ಹೊರಟವರು ನಿಲ್ಲುತ್ತಾರೆ, ಹಿಂದಿರುಗಿ ನೋಡುತ್ತಾರೆ, ಅವರಿಗೂ ನೆಮ್ಮದಿಯಿಲ್ಲ, ಉಳಿದವರಿಗೂ ಇಲ್ಲ. ಅತ್ತೆಯ ಮನೆಗೆ ಎಲೆಯ ಹೊಗೆ ಹಾಕಿ ಖಾಲಿ ಮಾಡಿದ್ದರು. ಅವಳ ಫೋಟೋಗಳನ್ನೆಲ್ಲ ಗೋಡೆಯ ಕಡೆ ತಿರುಗಿಸಿದ್ದರು. ಒಂದನೆಯ ತರಗತಿಯಲ್ಲಿ ಅವಳದೇ ಹೆಸರಿನ ಒಂದು ಹುಡುಗಿ ಇದ್ದಳು, ಆರು ವರ್ಷದವಳು. ಅವಳನ್ನೂ ಅಂದಿನಿಂದ ಎಲ್ಲರೂ ಕುಮಂಜಯಿ ಎಂದೇ ಕರೆಯುತ್ತಿದ್ದರು. ಹೆಸರನ್ನು ಮುಚ್ಚಿಟ್ಟ ಮೇಲೆ ಅದರ ಜಾಗದಲ್ಲಿ ಇಡುವ ಮಾತು ಅದು. ಆ ಹೆಸರನ್ನು ಈ ಕಥೆಯಲ್ಲೂ ಹುಡುಕಬಾರದು.

ಪುಸ್ತಕದ ಮೊದಲ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹೀಗಿತ್ತು: 'ಈ ಪುಸ್ತಕದಲ್ಲಿ ತೀರಿಕೊಂಡವರ ಹೆಸರು ಮತ್ತು ಚಿತ್ರಗಳು ಇರಬಹುದು. ಯಾರಿಗಾದರೂ ನೋವಾದರೆ ಕ್ಷಮೆಯಿರಲಿ.'

ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅಚ್ಚು ಹಾಕಿದ್ದರು.

ಗ್ಲೆನಿಸ್ ಅಂಗೈಯಿಂದ ಫೋಟೋ ಮುಚ್ಚಿಕೊಂಡು ಎದುರು ಪುಟ ನೋಡಿದಳು. ಅಲ್ಲಿ ಒಂದು ಗೆರೆಚಿತ್ರ ಇತ್ತು. ಮಕ್ಕಳು ಬಣ್ಣ ತುಂಬಲೆಂದು ಒಳಗೆ ಖಾಲಿ ಬಿಟ್ಟಿದ್ದರು. 'ಗೆರೆಗಳ ಒಳಗೆ ಚುಕ್ಕಿ ಇಡಿ. ಆಮೇಲೆ ಇದಕ್ಕೆ ನಿಮ್ಮದೇ ಒಂದು ಕಥೆ ಕಟ್ಟಿ.' ಕೆಳಗೆ: 'ಸಾಂಪ್ರದಾಯಿಕ ವಿನ್ಯಾಸ. ಬಿಡಿಸಿದವರು ತಿಳಿದಿಲ್ಲ.'

ಬಿಡಿಸಿದವಳು ಗ್ಲೆನಿಸ್.

ಎಡಗಡೆಯ ಮೂರನೆಯ ಗೆರೆ ಒಂದು ಕಡೆ ನಡುಗಿತ್ತು. ಪೆನ್ನಿನ ಶಾಯಿ ಕೈಕೊಟ್ಟ ಜಾಗ. ಅದನ್ನೂ ಹಾಗೇ ಅಚ್ಚು ಹಾಕಿದ್ದರು.

ಎರಡು ವರ್ಷದ ಹಿಂದಿನ ಮಾತು. ಪ್ರೆಂಟಿಸ್ ಒಂದು ಪ್ರಬಂಧ ಬರೆಯಲು ಹೇಳಿದ್ದ: ನಿನ್ನ ಜನರ ಕಲೆ, ಚಿತ್ರಸಹಿತ. ಅವಳು ಪ್ರಬಂಧ ಬರೆದು ಚಿತ್ರ ಬಿಟ್ಟಿದ್ದಳು. ಚಿತ್ರವಿಲ್ಲದಿದ್ದರೆ ಅರ್ಧ ಅಂಕ ಎಂದಿದ್ದ. ಅವಳ ಮನೆತನದ ಕಥೆ ನೀರಿನ ಕಥೆ. ಅದು ಅಪ್ಪನ ಕಡೆಯಿಂದ, ಅತ್ತೆಯ ಕಡೆಯಿಂದ ಅವಳಿಗೆ ಬಂದದ್ದು. ಬಿಡಿಸುವ ಹಕ್ಕು ಅವಳಿಗಿತ್ತು. ಆದರೆ ಒಬ್ಬಳೇ ಕೂತು ಬಿಡಿಸುವ ಹಕ್ಕು ಇರಲಿಲ್ಲ. ಯಾರಿಗೂ ಇಲ್ಲ. ಆ ಮನೆತನದ ಹೆಣ್ಣುಮಕ್ಕಳಿಗೆ ಹುಟ್ಟಿದವರು, ಅಂದರೆ ಅತ್ತೆಯ ಮಕ್ಕಳು, ಪಕ್ಕದಲ್ಲಿ ಕೂರಬೇಕು. ಅವರು ಕಾವಲು. ಸರಿಯಿದೆ ಎಂದು ಅವರು ಹೇಳಿದರೆ ಸರಿ, ಅಳಿಸು ಎಂದರೆ ಅಳಿಸಬೇಕು. ಬಿಡಿಸುವವರು ಒಬ್ಬರು, ಕಾಯುವವರು ಒಬ್ಬರು. ಹಾಗಿದ್ದರೆ ಮಾತ್ರ ಅದು ಕಥೆ.

ಆ ವಾರ ಅತ್ತೆ ಪಟ್ಟಣದ ಆಸ್ಪತ್ರೆಯಲ್ಲಿ ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ಅಂಟಿಕೊಂಡಿದ್ದಳು. ಅತ್ತೆಯ ಮಗಳು ಡಲ್ಸಿ ಅವಳ ಜೊತೆಗಿದ್ದಳು. ನಾಲ್ಕು ಗಂಟೆಯ ದಾರಿ. ಪ್ರಬಂಧಕ್ಕೆ ಶುಕ್ರವಾರ ಕೊನೆಯ ದಿನ. ಗ್ಲೆನಿಸ್ ಕೊನೆಯ ದಿನಗಳಿಗೆ ಹೆದರುವವಳು. ಒಬ್ಬಳೇ ಕೂತು ಬಿಡಿಸಿದಳು. ಕಾಗದ ತಾನೆ, ಮೇಷ್ಟ್ರು ನೋಡಿ ವಾಪಸು ಕೊಡುತ್ತಾರೆ ಎಂದುಕೊಂಡಳು. ಪ್ರೆಂಟಿಸ್ ವಾಪಸು ಕೊಡಲಿಲ್ಲ. ಅವಳು ಕೇಳಲೂ ಇಲ್ಲ. ಪೂರ್ತಿ ಅಂಕ ಬಂದಿತ್ತು.

ಸೋಮವಾರ ಅವಳು ಮಿಸ್ ಹೇಲಿಗೆ ಹೇಳಿದಳು. ಹೇಲಿ ಒಳ್ಳೆಯ ಹುಡುಗಿ. ಮುಖ ಕೆಂಪು ಮಾಡಿಕೊಂಡು ನಗರದ ಕಚೇರಿಗೆ ಫೋನು ಮಾಡಿದಳು. ಬಹಳ ಹೊತ್ತು 'ಹೌದು, ಹೌದು, ಅರ್ಥವಾಯಿತು' ಎಂದಳು. ಫೋನಿಟ್ಟು ಬಂದು ಅವಳೆದುರು ನಿಂತಳು.

"ಪಾಠ ಬದಲಾಯಿಸೋಕೆ ಆಗಲ್ಲವಂತೆ ಗ್ಲೆನಿಸ್. ಎಲ್ಲಾ ಶಾಲೇಲೂ ಅದೇ ಪುಟವಂತೆ. ಫೋಟೋ ಮೇಲೆ ಕಾಗದ ಅಂಟಿಸಿಕೊಳ್ಳಬಹುದು ಅಂದರು."

"ಹೆಸರು?"

"ಹೆಸರು ವಾಕ್ಯದೊಳಗಿದೆಯಲ್ಲ," ಎಂದಳು ಹೇಲಿ, ತಪ್ಪು ಹೆಸರಿನದೇ ಎಂಬಂತೆ.

ಗ್ಲೆನಿಸ್ ಮಕ್ಕಳು ಹೋದ ಮೇಲೆ ಕೂತು ಕಂದು ಕಾಗದವನ್ನು ಇಪ್ಪತ್ತೆರಡು ತುಂಡು ಕತ್ತರಿಸಿದಳು. ಮುಖ ಬೇರೆ ಕಡೆ ತಿರುಗಿಸಿಕೊಂಡು, ಬೆರಳ ತುದಿಯಿಂದ ತಡವಿ, ಇಪ್ಪತ್ತೆರಡು ಸಲ ಅತ್ತೆಯ ಮುಖಕ್ಕೆ ಅಂಟು ಹಚ್ಚಿದಳು. ಹೆಸರಿದ್ದ ಸಾಲಿನ ಮೇಲೂ ಪಟ್ಟಿ ಅಂಟಿಸಿದಳು. ಹದಿನೈದನೆಯ ಪುಟವನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಅದನ್ನು ಮುಚ್ಚುವ ಹಕ್ಕೂ ಅವಳೊಬ್ಬಳದಲ್ಲ.

ಬುಧವಾರ ಮಧ್ಯಾಹ್ನ ಡಲ್ಸಿ ಶಾಲೆಯ ಜಗಲಿ ಒರೆಸುತ್ತಿದ್ದಳು. ಅವಳು ಶಾಲೆಯ ಕಸ ಗುಡಿಸುವವಳು. ಬ್ಲೀಚಿಂಗ್ ನೀರಿಗೆ ಅದ್ದಿ ಅದ್ದಿ ಅವಳ ಬೆರಳ ಸಂದುಗಳು ಬಿಳಿಚಿಕೊಂಡು ಒಡೆದಿದ್ದವು. ಗ್ಲೆನಿಸ್ ಬರುವುದನ್ನು ಕಂಡು ಕೋಲಿಗೆ ಗಲ್ಲ ಊರಿ ನಿಂತಳು.

"ಬಾರೇ ಟೀಚರಮ್ಮ. ಕಾಲು ಒರೆಸಿಕೊಂಡು ಬಾ. ನಾಳೆಯಿಂದ ನಿನ್ನ ಹೆಜ್ಜೆಗೂ ನಾನೇ ನೆಲ ಒರೆಸಬೇಕಲ್ಲ."

"ಡಲ್ಸಿ, ಒಂದು ಮಾತು."

"ಹಲ್ಲು ನೋವು ಬಂದವಳ ಹಾಗೆ ಮುಖ ಮಾಡಿದ್ದೀಯ. ನನ್ನ ತಮ್ಮನ್ನ ಕಟ್ಟಿಕೊ ಅಂದಾಗಲೂ ಹಿಂಗೇ ಮಾಡಿದ್ದೆ. ಏನದು?"

"ನೀರಿನ ಕಥೆ ಬಿಡಿಸಿದೆ. ನೀನಿಲ್ಲದಾಗ."

ಡಲ್ಸಿಯ ನಗು ಮುಖದಲ್ಲೇ ಉಳಿಯಿತು, ಕಣ್ಣಿನಿಂದ ಹೋಯಿತು.

"ಯಾವಾಗ?"

"ನೀವು ಪಟ್ಟಣದಲ್ಲಿದ್ದಿರಿ. ಪ್ರಬಂಧಕ್ಕೆ ಬೇಕಾಗಿತ್ತು. ಪೆನ್ನಲ್ಲಿ, ಕಾಗದದ ಮೇಲೆ."

"ನಮ್ಮಮ್ಮ ಆ ಯಂತ್ರದ ಪಕ್ಕ ಮಲಗಿದ್ದಾಗ."

"ಹೂಂ."

"ಅಂಕಕ್ಕೆ."

"ಹೂಂ. ಈಗ ಅದು ಪುಸ್ತಕದಲ್ಲಿ ಬಂದಿದೆ. ಎಲ್ಲಾ ಶಾಲೆಗೂ ಹೋಗಿದೆ. ಮಕ್ಕಳು ಅದಕ್ಕೆ ಬಣ್ಣ ತುಂಬ್ತಾರೆ. ಕಥೆ ಅವರೇ ಕಟ್ಟಬೇಕಂತೆ."

ಜಗಲಿಯ ಆಚೆ ಶಾಲೆಯ ನಲ್ಲಿ ಇತ್ತು. 'ಕುಡಿಯಬೇಡಿ' ಎಂದು ಅದರ ಮೇಲೆ ತಗಡು ಹೊಡೆದು ಆರು ವರ್ಷವಾಗಿತ್ತು. ಡಲ್ಸಿ ಅದನ್ನೇ ನೋಡುತ್ತಿದ್ದಳು.

"ಇವರಿಗೆ ನಮ್ಮ ನೀರಿನ ಕಥೆ ಬೇಕು," ಎಂದಳು. "ನಮಗೆ ನೀರು ಕೊಡೋಕೆ ಪೈಪಿಲ್ಲ." ಆಮೇಲೆ ಒರೆಸುವ ಕೋಲಿನ ತುದಿಯ ಬಟ್ಟೆ ಕಳಚಿ ಬಕೆಟ್ಟಿಗೆ ಹಾಕಿದಳು. "ಹೆಗಲು ಕೊಡು."

ಗ್ಲೆನಿಸ್ ತಿರುಗಿ ನಿಂತು ಅಂಗಿಯ ಕತ್ತು ಸರಿಸಿದಳು. ಬಲ ಹೆಗಲು, ಬಿಡಿಸಿದ ಕೈಯದು.

ಏಟು ಒಂದೇ. ಪೂರ್ತಿ ತೋಳಿನಿಂದ. ಕೋಲು ಎಲುಬಿಗೆ ಬಡಿದ ಸದ್ದು ಜಗಲಿಯಲ್ಲಿ ಕೇಳಿಸಿತು. ಗ್ಲೆನಿಸ್ ಮೊಣಕಾಲೂರಿ ಕೂತಳು. ಅವಳು ಕೂಗಲಿಲ್ಲ. ಕೂಗುವಂತಿಲ್ಲ. ಡಲ್ಸಿ ಕೋಲು ಎಸೆದು ಪಕ್ಕದಲ್ಲಿ ಕುಸಿದಳು. ಇಬ್ಬರೂ ಕತ್ತು ತಬ್ಬಿಕೊಂಡು ಅತ್ತರು. ಹೆಸರಿಲ್ಲದೆ ಅತ್ತರು.

"ಮುಗೀತು," ಎಂದಳು ಡಲ್ಸಿ, ಮೂಗು ಒರೆಸಿಕೊಂಡು. "ನಿನ್ನದು ಮುಗೀತು. ಇನ್ನು ಈ ಮಾತು ಯಾರೂ ಎತ್ತೋ ಹಾಗಿಲ್ಲ. ನಾನೂ ಎತ್ತಲ್ಲ."

"ಪುಸ್ತಕದ್ದು?"

"ಅದಕ್ಕೆ ನಿನ್ನ ಹೆಗಲು ಸಾಲಲ್ಲ ಕಣೇ."

"ನಾಳೆ ಪಾಠ ಮಾಡದಿದ್ದರೆ ಸಹಿ ಹಾಕಲ್ಲ."

"ಗೊತ್ತು." ಡಲ್ಸಿ ಎದ್ದು ಕೋಲಿಗೆ ಮತ್ತೆ ಬಟ್ಟೆ ಸಿಕ್ಕಿಸಿದಳು. "ಮಾಡು ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಕಿಟಕಿ ಒರೆಸುತ್ತಾ ಇರ್ತೀನಿ. ಪಕ್ಕದಲ್ಲಿ ಕೂರೋದು ನನ್ನ ಕೆಲಸ. ಅಷ್ಟೇ."

ಆ ರಾತ್ರಿ ಗ್ಲೆನಿಸ್‌ಗೆ ಬಲಮಗ್ಗುಲಿಗೆ ಹೊರಳಲಾಗಲಿಲ್ಲ. ಆದರೂ ಎರಡು ವರ್ಷದಿಂದ ಒಳಗೆ ಕೂತಿದ್ದ ಕಲ್ಲು ಇಳಿದಿತ್ತು. ನಿದ್ದೆ ಬಂತು.

ಗುರುವಾರ ಹತ್ತು ಗಂಟೆಗೆ ಪ್ರೆಂಟಿಸ್ ಬಂದ. ಉದ್ದ ಕಾಲಿನ ಮನುಷ್ಯ, ಅಗಲ ಟೋಪಿ, ಕತ್ತಿನಲ್ಲಿ ಕ್ಯಾಮೆರಾ. ಬಗಲಲ್ಲಿ ಒಂದು ಉದ್ದನೆಯ ಸುರುಳಿ. ಗ್ಲೆನಿಸ್‌ಳ ಕೈ ಹಿಡಿದು ಕುಲುಕಿದ. ಹೆಗಲಿನಿಂದ ಬೆರಳಿನವರೆಗೆ ನೋವು ಬೆಂಕಿಯಂತೆ ಹರಿಯಿತು.

"ನೋಡಿದೆಯಾ ಪುಸ್ತಕ?" ಎಂದ. "ಹೇಳಿದ್ದೆನಲ್ಲ, ನಿನ್ನ ಪ್ರಬಂಧ ಚೆನ್ನಾಗಿದೆ ಅಂತ. ಸುಮ್ಮನೆ ಕಪಾಟಿನಲ್ಲಿ ಕೊಳೆಯೋದು ಬೇಡ ಅಂತ ಕಚೇರಿಗೆ ಕೊಟ್ಟೆ."

"ನನ್ನ ಕೇಳಲಿಲ್ಲ ನೀವು."

"ಆಶ್ಚರ್ಯ ಕೊಡೋಣ ಅಂತ."

ಅವನು ಸುರುಳಿ ಬಿಚ್ಚಿದ. ಹದಿನಾಲ್ಕನೆಯ ಪುಟ, ಬಾಗಿಲಿನಷ್ಟು ದೊಡ್ಡದಾಗಿ. ಮಿಸ್ ಹೇಲಿ "ಅಯ್ಯೋ, ಅದು" ಎನ್ನುವಷ್ಟರಲ್ಲಿ ಹಲಗೆಗೆ ನಾಲ್ಕು ಮೂಲೆಯಲ್ಲೂ ಪಿನ್ನು ಚುಚ್ಚಿಯಾಗಿತ್ತು.

ಮಕ್ಕಳು ಸಾಲಾಗಿ ಒಳಗೆ ಬಂದವು. ಮುಂದಿದ್ದವನು ಹಲಗೆ ನೋಡಿ ನಿಂತುಬಿಟ್ಟ. ಹಿಂದಿನವರು ಅವನಿಗೆ ಡಿಕ್ಕಿ ಹೊಡೆದರು. ಇಪ್ಪತ್ತೆರಡು ಮಕ್ಕಳಲ್ಲಿ ಹದಿಮೂರು ಮಕ್ಕಳಿಗೆ ಆ ಮುಖ ಅಜ್ಜಿಯದು. ಒಂದೊಂದಾಗಿ ತಲೆ ತಗ್ಗಿಸಿಕೊಂಡು, ನೆಲ ನೋಡುತ್ತಾ ಬಂದು ಕೂತವು. ಯಾರೂ ಯಾರನ್ನೂ ಚಿವುಟಲಿಲ್ಲ. ಕುಮಂಜಯಿ ತನ್ನ ಅಂಗಿಯ ಅಂಚನ್ನು ಬಾಯಿಗೆ ತುರುಕಿಕೊಂಡಳು.

"ಎಷ್ಟು ಶಿಸ್ತು," ಎಂದ ಪ್ರೆಂಟಿಸ್, ಹೇಲಿಯ ಕಡೆ ತಿರುಗಿ. ಹಿಂದೆ ಕುರ್ಚಿ ಎಳೆದುಕೊಂಡು ಕೂತು ಫಾರಂ ತೊಡೆಯ ಮೇಲಿಟ್ಟುಕೊಂಡ. "ಶುರು ಮಾಡು ಗ್ಲೆನಿಸ್. ಮೊದಲು ಪುಟ ಓದು. ಎರಡೇ ಸಾಲು. ಆಮೇಲೆ ಬಣ್ಣ ಹಂಚು."

ಗ್ಲೆನಿಸ್ ಹಲಗೆಯ ಬಳಿ ಹೋದಳು. ಬಲಗೈ ಎತ್ತಲು ನೋಡಿದಳು. ಎದೆಯ ಮಟ್ಟದಿಂದ ಮೇಲೆ ಏಳಲಿಲ್ಲ. ಎಡಗೈಯಿಂದ ಮೇಲಿನ ಒಂದು ಪಿನ್ನು ಕಿತ್ತಳು. ಎರಡನೆಯದು ಕಿತ್ತಳು. ದೊಡ್ಡ ಹಾಳೆ ಮಡಚಿಕೊಂಡು ಜೋತುಬಿದ್ದು ಮುಖ ಮುಚ್ಚಿತು.

"ನಾನು ಇದನ್ನ ಓದಲ್ಲ," ಎಂದಳು.

"ಏನು?"

"ಓದಲ್ಲ. ಇದು ನಮ್ಮ ಅತ್ತೆ. ಹೋದ ಚಳಿಗಾಲ ತೀರಿಕೊಂಡಿದ್ದಾಳೆ. ಹೆಸರು ಹೇಳೋ ಹಾಗಿಲ್ಲ."

ಪ್ರೆಂಟಿಸ್ ಪೆನ್ನಿನ ಮುಚ್ಚಳ ಹಾಕಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಮೊಂಡು ಮಗುವಿನ ಎದುರು ಇಟ್ಟುಕೊಳ್ಳುವ ತಾಳ್ಮೆ ಇತ್ತು. ಅದು ಸಿಟ್ಟಿಗಿಂತ ಕೆಟ್ಟದ್ದು.

"ನೋಡು, ಆ ಪದ್ಧತಿ ನನಗೂ ಗೊತ್ತು. ನಾನೂ ಓದಿದ್ದೇನೆ. ಆದರೆ ನೀನು ಟೀಚರ್ ಆಗಬೇಕು ಅಂತ ಇರೋಳು. ಟೀಚರ್ ಆದವಳು ಮನೆಯದನ್ನ ಬಾಗಿಲಾಚೆ ಬಿಟ್ಟು ಬರಬೇಕು. ಹೆಸರು ಹೇಳಿದರೆ ಅವಳಿಗೆ ಗೌರವ ಅಲ್ವಾ? ಇಡೀ ದೇಶದ ಮಕ್ಕಳು ಹೇಳ್ತಿದ್ದಾರೆ."

"ಅದಕ್ಕೇ ಅವಳಿಗೆ ಮಲಗೋಕೆ ಆಗ್ತಿಲ್ಲ," ಎಂದಿತು ಮುಂದಿನ ಸಾಲಿನ ಒಂದು ಮಗು, ತನ್ನ ಭಾಷೆಯಲ್ಲಿ, ನೆಲ ನೋಡುತ್ತಲೇ.

"ಏನಂತೆ?" ಎಂದ ಪ್ರೆಂಟಿಸ್.

ಗ್ಲೆನಿಸ್ ಅನುವಾದ ಮಾಡಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

ಅವನು ಗಡಿಯಾರ ನೋಡಿದ. ಎರಡು ಗಂಟೆಗೆ ವಿಮಾನ. "ನಾಲ್ಕು ವರ್ಷ ಗ್ಲೆನಿಸ್. ಎರಡು ಸಾಲಿಗೋಸ್ಕರ ನಾಲ್ಕು ವರ್ಷ ಹಾಳು ಮಾಡಿಕೊಳ್ಳಬೇಡ. ಸರಿ, ನಿನಗೆ ಕಷ್ಟ ಆದರೆ ನಾನೇ ಓದ್ತೀನಿ. ನೀನು ಬಣ್ಣದಿಂದ ಶುರು ಮಾಡು. ಸಹಿ ಹಾಕ್ತೀನಿ. ಆಯ್ತಾ?"

"ಬೇಡ," ಎಂದಳು ಗ್ಲೆನಿಸ್.

"ಮಿಸ್ಟರ್ ಪ್ರೆಂಟಿಸ್, ದಯವಿಟ್ಟು," ಎಂದಳು ಹೇಲಿ.

ಅವನು ಪುಸ್ತಕ ತೆರೆದ. ಅವನ ಪ್ರತಿಯಲ್ಲಿ ಕಂದು ಕಾಗದ ಇರಲಿಲ್ಲ. ಓದಿದ. ಮೊದಲ ಹೆಸರು, ಕೊನೆಯ ಹೆಸರು. ಎರಡನೆಯ ಸಾಲಿನಲ್ಲಿ ಇನ್ನೊಮ್ಮೆ.

ಇಪ್ಪತ್ತೆರಡು ಮಕ್ಕಳು ಕಿವಿ ಮುಚ್ಚಿಕೊಂಡವು. ಕುಮಂಜಯಿ ಮೇಜಿನ ಕೆಳಗೆ ಇಳಿದಳು. ತನ್ನನ್ನೇ ಕರೆದರೋ, ಸತ್ತವಳನ್ನು ಕರೆದರೋ ಅವಳಿಗೆ ತಿಳಿಯಲಿಲ್ಲ. ತಿಳಿಯದೆ ಉಚ್ಚೆ ಹೊಯ್ದುಕೊಂಡಳು. ಕಿಟಕಿಯ ಹೊರಗೆ ಬಕೆಟ್ಟು ಉರುಳಿತು. ಡಲ್ಸಿ ಒರೆಸುವ ಕೋಲು ಹಿಡಿದೇ ಬಾಗಿಲಲ್ಲಿ ಬಂದು ನಿಂತಳು. ಅವಳ ದನಿ ಮೇಲೇರಿರಲಿಲ್ಲ.

"ನಮ್ಮಮ್ಮನ್ನ ಕರೆದವರು ಯಾರು?"

ಪ್ರೆಂಟಿಸ್ ಪುಸ್ತಕ ಮುಚ್ಚಿದ.

"ಮಲಗಿದ್ದವಳನ್ನ ಕರೆದವರು ಯಾರು?"

ಗ್ಲೆನಿಸ್ ಮೇಜಿನ ಕೆಳಗೆ ಬಗ್ಗಿದಳು. ಕುಮಂಜಯಿಯನ್ನು ಎಡಗೈಯಿಂದ ಎಳೆದು ಎತ್ತಿಕೊಂಡಳು. ಒದ್ದೆ ಅವಳ ಅಂಗಿಗೂ ಹತ್ತಿತು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಪ್ರೆಂಟಿಸ್‌ನ ಎದುರು ಬಂದು ನಿಂತಳು. ಈವರೆಗೆ ಅವನ ಎದುರು ನಿಂತಾಗಲೆಲ್ಲ ಅವಳ ಎದೆ ಹೊಡೆದುಕೊಳ್ಳುತ್ತಿತ್ತು: ವ್ಯಾಕರಣ ತಪ್ಪೇ, ಮಾತು ತಪ್ಪೇ, ಕೈ ಎಲ್ಲಿಡಬೇಕು. ಈಗ ಹೊಡೆದುಕೊಳ್ಳಲಿಲ್ಲ.

"ಹದಿನೈದನೇ ಪುಟದ ಚಿತ್ರ ಬಿಡಿಸಿದ್ದು ನಾನು," ಎಂದಳು. "ಗೊತ್ತಿಲ್ಲ ಅಂತ ಬರೆದಿದ್ದೀರಿ. ನಿಮಗೆ ಗೊತ್ತಿತ್ತು."

"ಅದು ಕಚೇರಿಯವರು..."

"ನಾನು ಈಕೇನ ಕೇಳದೆ ಬಿಡಿಸಿದೆ. ತಪ್ಪು. ದೊಡ್ಡ ತಪ್ಪು." ಎಡಗೈಯಲ್ಲಿ ಮಗು ಇದ್ದುದರಿಂದ ಗಲ್ಲದಿಂದಲೇ ಬಲ ಹೆಗಲನ್ನು ತೋರಿಸಿದಳು. ಅಂಗಿಯ ಕತ್ತಿನ ಬಳಿ ಊತ ಕಾಣುತ್ತಿತ್ತು. "ಈ ಹೆಗಲು ಕೊಟ್ಟು ತೀರಿಸಿದೆ. ನಿನ್ನೆ. ನನ್ನದು ಮುಗೀತು. ನೀವು ಏನು ಕೊಡ್ತೀರಿ?"

ಪ್ರೆಂಟಿಸ್ ಆ ಊತವನ್ನು ನೋಡಿದ. ಅಲ್ಲಿಂದ ಡಲ್ಸಿಯ ಕೈಯ ಕೋಲನ್ನು ನೋಡಿದ. ಕುರ್ಚಿ ಸ್ವಲ್ಪ ಹಿಂದೆ ಸರಿಯಿತು.

"ಹೆದರಬೇಡಿ," ಎಂದಳು ಡಲ್ಸಿ. "ಏಟು ನಮ್ಮವರಿಗೆ ಮಾತ್ರ. ಅದಕ್ಕೂ ಒಂದು ಯೋಗ್ಯತೆ ಬೇಕು."

"ನಾನು ಕ್ಷಮೆ ಕೇಳ್ತೀನಿ," ಎಂದ ಪ್ರೆಂಟಿಸ್.

"ಮೊದಲನೇ ಪುಟದಲ್ಲಿ ಕೇಳಿದ್ದೀರಿ," ಎಂದಳು ಗ್ಲೆನಿಸ್. "ಮೊದಲು ಕ್ಷಮೆ, ಆಮೇಲೆ ಹೊಡೆತ. ಅದು ನಿಮ್ಮ ಪದ್ಧತಿ."

ಅವನ ಮುಖದ ತಾಳ್ಮೆ ಕೊನೆಗೂ ಬಿರಿಯಿತು. "ಇದಕ್ಕೆ ನಾನು ಸಹಿ ಹಾಕೋಕೆ ಆಗಲ್ಲ. ಪಾಠವೇ ಆಗಿಲ್ಲ. ಇನ್ನೊಂದು ವರ್ಷ ಕಾಯಬೇಕಾಗುತ್ತೆ. ಇನ್ನೂ ಹೆಚ್ಚೂ ಆಗಬಹುದು."

"ನೀವೇ ಕಾಯಿರಿ," ಎಂದಳು ಗ್ಲೆನಿಸ್. ಮಕ್ಕಳ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಹೇಳಿದಳು: "ಪುಸ್ತಕ ತಗೊಳ್ಳಿ. ಮುಚ್ಚಿಯೇ ತಗೊಳ್ಳಿ. ಹೊರಗೆ ನಡೀರಿ."

ಶಾಲೆಯ ಹಿಂದೆ ಒಂದು ಒಣಮರ, ಅದರಡಿ ಮೆತ್ತನೆಯ ಮರಳು. ಡಲ್ಸಿ ಬೆಂಕಿ ಹಾಕಿ ಹಸಿ ಎಲೆ ಒಡ್ಡಿದಳು. ಹೊಗೆ ಎದ್ದಿತು. ಮಕ್ಕಳು ಒಬ್ಬೊಬ್ಬರಾಗಿ ಪುಸ್ತಕ ತಂದು ಅವಳ ಕೈಗೆ ಕೊಟ್ಟರು. ಅವಳು ಆ ಒಂದು ಹಾಳೆಯನ್ನು ಮಾತ್ರ ಕಿತ್ತು, ನೋಡದೆ, ಬೆಂಕಿಗೆ ಇಟ್ಟಳು. ಅದು ಪುಸ್ತಕದ ನಟ್ಟನಡುವಿನ ಜೋಡಿ ಹಾಳೆ, ಮಡಿಕೆಯ ಈಚೆ ಹದಿನಾಲ್ಕು, ಆಚೆ ಹದಿನೈದು. ಎರಡೂ ಒಟ್ಟಿಗೇ ಸುಟ್ಟವು. ದೊಡ್ಡ ಹಾಳೆಯನ್ನು ಮಿಸ್ ಹೇಲಿ ತಾನೇ ಪಿನ್ನು ಕಿತ್ತು ಸುತ್ತಿ ತಂದುಕೊಟ್ಟಳು. ಕೊಟ್ಟು ದೂರ ನಿಂತಳು. ಕುಮಂಜಯಿಯನ್ನು ಡಲ್ಸಿ ಹೊಗೆಯಲ್ಲಿ ಎರಡು ಸಲ ಹಾಯಿಸಿದಳು.

ಆಮೇಲೆ ಗ್ಲೆನಿಸ್ ಮರಳ ಮೇಲೆ ಕಾಲು ಮಡಚಿ ಕೂತಳು. ಅಂಗೈಯಿಂದ ಒಂದು ಮೊಳ ಜಾಗ ಸವರಿ ಸಮ ಮಾಡಿದಳು. ಬಲಗೈ ಕೆಳಗೆ ನೆಲದ ಮಟ್ಟದಲ್ಲಿ ಚೆನ್ನಾಗಿಯೇ ಆಡುತ್ತಿತ್ತು. ಎರಡು ಬೆರಳಿಂದ ಒಂದು ಬಾಗಿದ ಗುರುತು ಎಳೆದಳು, ಕುದುರೆ ಲಾಳದಂಥದ್ದು. ಅದು ಯಾವ ಕಥೆಯೂ ಅಲ್ಲ. ಊರಿನ ಎಳೆಗೂಸಿಗೂ ಗೊತ್ತಿರುವ ಗುರುತು.

"ಇದು ಏನು?"

"ಕೂತ ಹೆಂಗಸು," ಎಂದವು ಮಕ್ಕಳು.

"ಏನು ಮಾಡ್ತಿದ್ದಾಳೆ?"

"ಚಿತ್ರ ಬಿಡಿಸ್ತಿದ್ದಾಳೆ."

"ಸರಿಯಾಗಿದೆಯಾ?"

ಮಕ್ಕಳು ಬಗ್ಗಿ ನೋಡಿದವು. ಮೂಗು ಸೋರುವ ಒಬ್ಬ ಕೈ ಎತ್ತಿದ. "ಒಬ್ಬಳೇ ಕೂತಿದ್ದಾಳೆ."

"ಹಾಗಾದರೆ?"

"ಕಳ್ಳಿ," ಎಂದ ಅವನು. ಮಕ್ಕಳೆಲ್ಲ ನಕ್ಕವು. ಡಲ್ಸಿ ಎಲ್ಲರಿಗಿಂತ ಜೋರಾಗಿ ನಕ್ಕಳು.

ಗ್ಲೆನಿಸ್ ಮೊದಲನೆಯದರ ಪಕ್ಕ ಎರಡನೆಯ ಗುರುತು ಎಳೆದಳು. "ನಿನ್ನ ಪಕ್ಕ ಯಾರು ಕೂರಬೇಕು? ಹೇಳು."

"ನಮ್ಮತ್ತೆ ಮಗ."

"ನಿನ್ನ ಪಕ್ಕ?"

"ನಮ್ಮತ್ತೆ ಮಗಳು. ಆದರೆ ಅವಳು ಬರೀ ಬೈತಾಳೆ."

"ಬೈಯೋದೇ ಅವಳ ಕೆಲಸ," ಎಂದಳು ಡಲ್ಸಿ.

ಹೀಗೆ ಇಪ್ಪತ್ತೆರಡು ಮಕ್ಕಳೂ ಹೇಳಿದವು. ಗೊತ್ತಿಲ್ಲದವರಿಗೆ ಗೊತ್ತಿದ್ದವರು ಹೇಳಿಕೊಟ್ಟರು. ಕುಮಂಜಯಿ ಕೊನೆಯಲ್ಲಿ ಹೇಳಿದಳು, ಪಿಸುದನಿಯಲ್ಲಿ, ಸರಿಯಾಗಿ. ಬಣ್ಣದ ಸೀಸೆಗಳು ಒಳಗೆ ಮುಚ್ಚಳ ತೆರೆಯದೆ ಕೂತಿದ್ದವು.

ಮಿಸ್ ಹೇಲಿ ರಿಜಿಸ್ಟರ್ ಹಿಡಿದುಕೊಂಡು ಹತ್ತಿರ ಬಂದಳು. "ಈ ಪೀರಿಯಡ್ಡಿಗೆ ಏನು ಬರೀಲಿ?"

"ಕಲೆ ಅಂತ ಬರೀರಿ."

"ಮತ್ತೆ ಈ ಕಲಂ?"

ಗ್ಲೆನಿಸ್ ತನ್ನ ಹೆಸರು ಹೇಳಿದಳು. ಅಕ್ಷರ ಅಕ್ಷರ ಬಿಡಿಸಿ ಹೇಳಿದಳು. ಹೇಲಿಯ ಪೆನ್ನು ಒಂದು ಕ್ಷಣ ನಿಂತಿತು. ಗ್ಲೆನಿಸ್ ಕಣ್ಣು ಕೆಳಗಿಳಿಸಲಿಲ್ಲ. ಪೆನ್ನು ಮುಂದೆ ಹೋಯಿತು. ಒಂದು ದಿನದ ಹೆಸರು. ನಾಳೆ ಅದನ್ನು ಯಾರಾದರೂ ಹೊಡೆದುಹಾಕಬಹುದು.

ಪ್ರೆಂಟಿಸ್ ಜಗಲಿಯಿಂದ ಇಳಿದು ಬರುತ್ತಿದ್ದ. ದೂರದಿಂದ ನೋಡಿದ್ದಿರಬೇಕು: ಒಣಮರ, ಹೊಗೆ, ಮರಳಿನ ಸುತ್ತ ಬಗ್ಗಿದ ಕಪ್ಪು ತಲೆಗಳು. ಅವನ ಮುಖ ಮತ್ತೆ ಅರಳಿತ್ತು. ಕತ್ತಿನ ಕ್ಯಾಮೆರಾ ಕೈಗೆ ಬಂದಿತ್ತು.

"ಗ್ಲೆನಿಸ್, ಇದು, ಇದು ಚೆನ್ನಾಗಿದೆ. ಇದನ್ನೇ ಪಾಠ ಅಂತ ತೋರಿಸಬಹುದು. ಒಂದೇ ಒಂದು ಫೋಟೋ. ಯಾರೂ ಅಲ್ಲಾಡಬೇಡಿ. ಸಹಿ ಹಾಕ್ತೀನಿ, ಇಲ್ಲೇ ಹಾಕ್ತೀನಿ."

ಫಾರಂ ಅವನ ಜೇಬಿನಿಂದ ಹೊರಗೆ ಇಣುಕುತ್ತಿತ್ತು. ಗ್ಲೆನಿಸ್ ಅದನ್ನು ನೋಡಿದಳು. ನಾಲ್ಕು ವರ್ಷದ ಸಂಜೆಗಳು ಆ ಒಂದು ಹಾಳೆಯಲ್ಲಿದ್ದವು. ಆಮೇಲೆ ಡಲ್ಸಿಯನ್ನು ನೋಡಿದಳು.

"ಅಳಿಸು," ಎಂದಳು ಡಲ್ಸಿ.

ಗ್ಲೆನಿಸ್ ಅಂಗೈ ಊರಿ ಎಳೆದಳು. ನೋವು ಹೆಗಲವರೆಗೆ ಹೋಯಿತು. ಮಕ್ಕಳು ಎದ್ದು ಕಾಲಿನಿಂದ ಉಳಿದದ್ದನ್ನು ಕಲಸಿದವು.

ಕ್ಯಾಮೆರಾ ಸದ್ದು ಮಾಡಿತು. ಅದರಲ್ಲಿ ಬರೀ ಮರಳು ಬಂದಿರಬೇಕು.